ಮೂರು ಜೀವಗಳಿಗೆ ಒಂದೇ ಟಿಕೆಟ್

ಪೀಣ್ಯದಲ್ಲಿ ನನ್ನ ಪರಿಚಯದವರೊಬ್ಬರಿದ್ದಾರೆ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ದೊಡ್ಡವಳು ಎಂಜಿನಿಯರಿಂಗ್ ಮುಗಿಸಿ, ವೈಟ್‌ಫೀಲ್ಡ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಮದುವೆಯಾಗಿ ಕ್ಯಾಲಿಫೋರ್ನಿಯಾ ಸೇರಿದಳು. ಚಿಕ್ಕವಳು ದ್ವಿತೀಯ ಪಿಯುಸಿ. ಒಂದು ಭಾನುವಾರ ಮನೆಗೆ ಬಂದ ಅವರ ಮುಖದಲ್ಲಿ ಸಂತೋಷ, ಚಿಂತೆ ಎರಡೂ ಇದ್ದವು.

‘ಮೇಷ್ಟ್ರೇ, ದೊಡ್ಡವಳು ಬಸುರಿ. ಅವಳಿ ಅಂತೆ. ಈಗ ಆರು ತಿಂಗಳು. ಏಳು ತುಂಬಿದ ಮೇಲೆ ಅಲ್ಲೇ ಸೀಮಂತ ಮುಗಿಸಿ ತವರಿಗೆ ಕರೆಸಿಕೊಳ್ಳೋಣ ಅಂತಿದ್ವಿ. ಅಲ್ಲಿನ ಡಾಕ್ಟರು ಬೇಡ ಅಂತಾರಂತೆ. ನಮ್ಮಮ್ಮ ಎಂಟು ತಿಂಗಳ ಬಸುರಿ ಎತ್ತಿನ ಗಾಡೀಲಿ ತವರಿಗೆ ಹೋಗಲಿಲ್ವೆ? ವಿಮಾನದಲ್ಲಿ ಅಂಥ ಕಷ್ಟ ಏನಿದೆ?’

ಅವರ ಪ್ರಶ್ನೆ ಇಂದು ನಮ್ಮ ಊರಿನ ನೂರಾರು ಮನೆಗಳ ಪ್ರಶ್ನೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಿಂದ ಹೊರಟ ಹೆಣ್ಣುಮಕ್ಕಳು ಹೊರದೇಶದಲ್ಲಿದ್ದಾರೆ. ಚೊಚ್ಚಲ ಬಾಣಂತನ ತವರಿನದು ಎಂಬ ಪದ್ಧತಿ ಮಾತ್ರ ಇಲ್ಲೇ ಇದೆ. ಹಾಗಾಗಿ ಉತ್ತರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲಿಗೆ ಲೆಕ್ಕ. ವೈದ್ಯರು ಬಸಿರನ್ನು ತಿಂಗಳುಗಳಲ್ಲಿ ಎಣಿಸುವುದಿಲ್ಲ, ವಾರಗಳಲ್ಲಿ ಎಣಿಸುತ್ತಾರೆ. ತುಂಬು ಬಸಿರು 40 ವಾರ. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 37 ವಾರ ತುಂಬುವ ಮೊದಲೇ ಹುಟ್ಟಿಬಿಡುತ್ತಾರೆ. ಈ ಕಾರಣದಿಂದಲೇ, ತೊಂದರೆಯಿಲ್ಲದ ಬಸಿರಿನಲ್ಲಿ ಒಂದೇ ಮಗುವಾದರೆ 36 ವಾರದವರೆಗೆ, ಅವಳಿಯಾದರೆ 32 ವಾರದವರೆಗೆ ಮಾತ್ರ ವಿಮಾನ ಪ್ರಯಾಣ ಎಂಬುದು ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘದ ವೈದ್ಯಕೀಯ ಮಾರ್ಗಸೂಚಿ. ಹಲವು ವಿಮಾನ ಸಂಸ್ಥೆಗಳು 28 ವಾರದ ನಂತರ ವೈದ್ಯರ ಪತ್ರವನ್ನೂ ಕೇಳುತ್ತವೆ. ಏಳು ತಿಂಗಳು ತುಂಬುವುದೆಂದರೆ 28ರಿಂದ 30 ವಾರ. ಆ ಮೇಲೆ ಒಳ್ಳೆಯ ದಿನ ನೋಡಿ, ನೆಂಟರನ್ನು ಕರೆದು, ಟಿಕೆಟ್ ಹೊಂದಿಸುವಷ್ಟರಲ್ಲಿ 32 ದಾಟಿರುತ್ತದೆ. ನಮ್ಮ ಪಂಚಾಂಗಕ್ಕೂ ಅವಳಿಗಳ ಪಂಚಾಂಗಕ್ಕೂ ಹೊಂದಿಕೆಯಾಗುವುದಿಲ್ಲ.

ಎರಡನೆಯದು ಗಾಳಿ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಅಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿಯಲ್ಲೋ, ಊಟಿಯಲ್ಲೋ ಹದಿನೇಳು ಗಂಟೆ ಕುಳಿತ ಹಾಗೆ. ಅಲ್ಲಿ ಆಮ್ಲಜನಕ ಕಡಿಮೆ. ಹೊಟ್ಟೆಯ ಮಗುವಿಗೆ ಇದರಿಂದ ತೊಂದರೆಯಾಗದೆ? ಇಲ್ಲಿ ಪ್ರಕೃತಿ ಜಾಣತನ ತೋರಿಸಿದೆ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದು. ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಆರೋಗ್ಯವಂತ ತಾಯಿಯ ಮಗು ಇದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ತಾಯಿಗೆ ತೀವ್ರ ರಕ್ತಹೀನತೆ ಇದ್ದರೆ ಮಾತು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಅವಳಿಗಳಿಗಂತೂ ತಾಯಿಯ ಕಬ್ಬಿಣಾಂಶ ಇನ್ನೂ ಹೆಚ್ಚು ಬೇಕು. ಟಿಕೆಟ್ ನೋಡುವ ಮೊದಲು ರಕ್ತಪರೀಕ್ಷೆ ನೋಡಬೇಕು.

ಮೂರನೆಯದು ಕಾಲು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಆದರೆ ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತರೆ ಅದೇ ಏರ್ಪಾಡು ಮುಳುವಾಗಬಹುದು. ಮೀನಖಂಡದ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನಡುದಾರಿಯ ಪಕ್ಕದ ಆಸನ, ಆಗಾಗ ಎದ್ದು ನಾಲ್ಕು ಹೆಜ್ಜೆ, ಕುಡಿಯಲು ಸಾಕಷ್ಟು ನೀರು, ನಾಲ್ಕು ಗಂಟೆ ಮೀರಿದ ಪ್ರಯಾಣಕ್ಕೆ ವೈದ್ಯರು ಹೇಳುವ ಬಿಗಿ ಕಾಲುಚೀಲ, ಹೊಟ್ಟೆಯ ಮೇಲಲ್ಲದೆ ಕೆಳಗೆ ಕಟ್ಟಿದ ಬೆಲ್ಟು: ಇವು ಬಸುರಿ ಪ್ರಯಾಣಿಕಳ ಐದು ನಿಯಮಗಳು.

ಕೊನೆಯದು ದೂರ. 2020ರ ಅಕ್ಟೋಬರ್ 7ರಂದು ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ವಿಮಾನದಲ್ಲೇ ಒಂದು ಗಂಡು ಮಗು ಹುಟ್ಟಿತು, ದಿನ ತುಂಬುವ ಮೊದಲೇ. ಅದೃಷ್ಟಕ್ಕೆ ಪ್ರಯಾಣಿಕರಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರಿದ್ದರು. ಸಂಜೆ ವಿಮಾನ ಇಳಿದಾಗ ತಾಯಿ, ಮಗು ಇಬ್ಬರೂ ಕ್ಷೇಮ. ಅದು ಮೂರು ಗಂಟೆಯೊಳಗಿನ ಹಾದಿ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದದ್ದು ನೆನಪಿದೆಯಲ್ಲವೇ? ಸುಮಾರು 14,000 ಕಿಲೋಮೀಟರು, 17 ಗಂಟೆ. ಆ ಹಿಮದ ಮೇಲೆ ನೋವು ಶುರುವಾದರೆ? ಮೂವತ್ತು ವಾರದ ಕೂಸಿನ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ವಿಮಾನದಲ್ಲಿ ಇನ್‌ಕ್ಯುಬೇಟರ್ ಇರುವುದಿಲ್ಲ. ಇಲ್ಲಿ ಬೇಕಾಗುವುದು ಎರಡು. ಎತ್ತಿನ ಗಾಡಿಯನ್ನು ದಾರಿಯಲ್ಲಿ ಯಾವ ಊರ ಮುಂದೆ ಬೇಕಾದರೂ ನಿಲ್ಲಿಸಬಹುದಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ಅವರು, ‘ಹಾಗಾದರೆ 28 ವಾರದೊಳಗೇ ಬಂದುಬಿಟ್ಟರೆ?’ ಎಂದರು. ಸರಿಯಾದ ಪ್ರಶ್ನೆ. ಎಷ್ಟೋ ತಾಯಂದಿರಿಗೆ ಅದೇ ಸರಿಯಾದ ದಾರಿ. ಆದರೆ ಇವರ ಮಗಳ ಅವಳಿಗಳಿಗೆ ಇರುವುದು ಒಂದೇ ಮಾಸು. ಅಂಥ ಅವಳಿಗಳಲ್ಲಿ ಕೆಲವೊಮ್ಮೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗಿ ಇಬ್ಬರಿಗೂ ಕುತ್ತಾಗುತ್ತದೆ. ಆದ್ದರಿಂದ 16ನೇ ವಾರದಿಂದಲೇ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್. ಹಿಂದಿನ ಸ್ಕ್ಯಾನಿಂಗ್‌ನಲ್ಲಿ ಒಂದು ಕೂಸಿನ ತೂಕ ಸ್ವಲ್ಪ ಕಡಿಮೆ ಕಂಡಿತ್ತು. ಬೇಡ ಎಂದದ್ದು ಅದಕ್ಕೆ. ಮಗಳು ಅಪ್ಪನಿಗೆ ಇದನ್ನು ಹೇಳಿರಲಿಲ್ಲ, ಹೆದರಿಯಾರೆಂದು. ಹೇಳಿದ್ದು ತಂಗಿಗೆ. ಆ ಹುಡುಗಿ ಜೀವಶಾಸ್ತ್ರದ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಚಿತ್ರ ಬರೆದು ಅಪ್ಪನಿಗೆ ತೋರಿಸಿದಳು. ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು.

ಆಮೇಲೆ ತಾಯಿ ಬಾಯಿ ಬಿಟ್ಟರು: ‘ಅವಳು ಬರೋಕಾಗದಿದ್ದರೆ ನಾನೇ ಹೋಗ್ತೀನಿ.’

ತುಮಕೂರಿನಾಚೆಗೆ ಒಬ್ಬರೇ ಹೋದವರಲ್ಲ. ಎರಡು ವರ್ಷದ ಹಿಂದೆ ಚೆನ್ನೈಗೆ ಹೋಗಿ ಮಾಡಿಸಿಟ್ಟಿದ್ದ ವೀಸಾ ಉಪಯೋಗಕ್ಕೆ ಬಂತು. ಹೊರಡುವ ದಿನ ಅಂಟಿನುಂಡೆಯ ಡಬ್ಬಿ ಕಟ್ಟುತ್ತಿದ್ದ ಅಮ್ಮನಿಗೆ ಚಿಕ್ಕ ಮಗಳು ಹೇಳುತ್ತಿದ್ದಳು: ‘ಕೂತೇ ಇರಬೇಡಮ್ಮ. ಎದ್ದು ಓಡಾಡು. ನೀರು ಕುಡಿ.’

ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೆ. ದೂರದ ಮಗಳ ಬಸಿರಿನ ಸುದ್ದಿ ಬಂದೊಡನೆ ಮುಹೂರ್ತ ಕೇಳುವ ಮೊದಲು ಎಷ್ಟು ವಾರ, ಎಷ್ಟು ಮಕ್ಕಳು, ಎಷ್ಟು ಮಾಸು ಎಂದು ಕೇಳಿ. ವಿದ್ಯಾರ್ಥಿಗಳೇ, ನೀವು ಓದುವ ಪಾಠ ಪರೀಕ್ಷೆಗೆ ಮಾತ್ರವಲ್ಲ. ಮನೆಯಲ್ಲಿ ದೊಡ್ಡವರಿಗೆ ಅದನ್ನು ಬಿಡಿಸಿ ಹೇಳಬೇಕಾದ ದಿನವೂ ಬರುತ್ತದೆ.

ಪೀಣ್ಯದ ಆ ಮನೆಯಲ್ಲಿ ಈಗ ಬೆಳಗಿನ ಅಡುಗೆ ಅಪ್ಪನದು. ಸಾರಿಗೆ ಉಪ್ಪು ಹೆಚ್ಚಾಗುತ್ತಿದೆ ಎಂದು ಚಿಕ್ಕವಳ ದೂರು.