ಸೆರೆಯ ಶಿಕ್ಷೆ ನ್ಯಾಯಾಧೀಶರದು; ಸುಡುವ ಶಿಕ್ಷೆ ಯಾರದು?



ಮಗುವಿಗೆ ಜ್ವರ ಬಂದು ಜ್ವರದ ಕಡ್ಡಿಯಲ್ಲಿ 104 ಡಿಗ್ರಿ ಕಂಡರೆ ನಾವು ಹಗಲು ರಾತ್ರಿ ಎನ್ನದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಡಿಸ್ಪೆನ್ಸರಿಗೆ ಓಡುತ್ತೇವೆ. 2011ರ ಜುಲೈ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಬಳಿ ಇರುವ ಹಚಿನ್ಸ್ ಸೆರೆಮನೆಯಿಂದ ಒಬ್ಬ ಖೈದಿಯನ್ನು ಆಸ್ಪತ್ರೆಗೆ ತಂದರು. ಅವನ ಮೈಕಾವು 109 ಡಿಗ್ರಿ ದಾಟಿತ್ತು. ಅದು ಕಾಯಿಲೆಯ ಜ್ವರವಾಗಿರಲಿಲ್ಲ. ಕಟ್ಟಡದೊಳಗಿನ ಧಗೆಯೇ ಅವನನ್ನು ಬೇಯಿಸಿತ್ತು. ಅವನ ವಯಸ್ಸು 58. ಮಾಡಿದ ತಪ್ಪು ಸುಳ್ಳು ಚೆಕ್ಕಿನ ವ್ಯವಹಾರ. ಶಿಕ್ಷೆ ಒಂದು ವರ್ಷಕ್ಕೆ ಮೀರದ್ದು. ಆ ಸೆರೆಮನೆಗೆ ಬಂದು ವಾರವಷ್ಟೇ ಆಗಿತ್ತು. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟನು. ಅದೊಂದೇ ಬೇಸಿಗೆಯಲ್ಲಿ ಟೆಕ್ಸಾಸಿನ ಸೆರೆಮನೆಗಳಲ್ಲಿ ಹತ್ತು ಮಂದಿ ಹೀಗೆ ಧಗೆಯಿಂದ ಸತ್ತರು.

ಇದನ್ನು ಓದಿದಾಗ ನಮ್ಮಲ್ಲೇ ಕೆಲವರು ಕೇಳಬಹುದು: "ಲೈನ್ ಮನೆಯ ತಗಡಿನ ಮಾಡಿನ ಕೆಳಗೆ ನಮಗೆ ಒಂದು ಫ್ಯಾನಿಗೂ ಗತಿಯಿಲ್ಲ. ಕದ್ದವನಿಗೂ ಕೊಂದವನಿಗೂ ಏರ್ ಕಂಡೀಷನ್ ಬೇಕೇ?" ಈ ಪ್ರಶ್ನೆ ನ್ಯಾಯವಾದದ್ದೇ. ದುಡಿದು ದಣಿದವರ ಬಾಯಿಂದ ಬರುವ ಪ್ರಶ್ನೆಯನ್ನು ತಳ್ಳಿಹಾಕಿ ಉಪದೇಶ ಮಾಡುವುದು ಸರಿಯಲ್ಲ. ಆದ್ದರಿಂದ ಸಮಾಧಾನವಾಗಿ ಉತ್ತರ ಹುಡುಕೋಣ.

ಏಪ್ರಿಲ್ ತಿಂಗಳಲ್ಲಿ ತಗಡು ಕಾದಾಗ ನಾವು ಏನು ಮಾಡುತ್ತೇವೆ? ಬಾಗಿಲು ತೆರೆದು ಹೊರಗೆ ಬರುತ್ತೇವೆ. ಮರದ ಕೆಳಗೆ ಚಾಪೆ ಹಾಸುತ್ತೇವೆ. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೇವೆ, ಹಳ್ಳಕ್ಕೆ ಹೋಗಿ ಮುಳುಗಿ ಬರುತ್ತೇವೆ. ಮುದುಕಿಗೆ ತಲೆಸುತ್ತು ಬಂದರೆ ನೆರೆಮನೆಯವರು ಮಜ್ಜಿಗೆ ತರುತ್ತಾರೆ. ಖೈದಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನ ಬಾಗಿಲಿನ ಬೀಗದ ಕೈ ಇನ್ನೊಬ್ಬನ ಸೊಂಟದಲ್ಲಿದೆ. ಒಬ್ಬ ಮನುಷ್ಯನಿಂದ ನೆರಳಿಗೆ ಹೋಗುವ ಸ್ವಾತಂತ್ರ್ಯವನ್ನು ಕಿತ್ತುಕೊಂಡವರು ಅವನಿಗೆ ನೆರಳು ಕೊಡುವ ಹೊಣೆಯನ್ನೂ ಹೊರಬೇಕು. ಕಟ್ಟಿಹಾಕಿದ ಎತ್ತಿಗೆ ನೀರಿಡದವನನ್ನು ನಮ್ಮ ಹಿರಿಯರು ಪಾಪಿ ಎಂದರು. ಬಿಟ್ಟ ಎತ್ತು ಹೇಗಾದರೂ ಕೆರೆ ಸೇರುತ್ತದೆ.

ಧಗೆ ಹೇಗೆ ಕೊಲ್ಲುತ್ತದೆ ಎಂಬುದನ್ನೂ ತಿಳಿದಿರಬೇಕು. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಗಾಳಿಯೇ ಮೈಗಿಂತ ಬಿಸಿಯಾದಾಗ ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ. ಕಾಂಕ್ರೀಟು ಮತ್ತು ಕಬ್ಬಿಣದ ಕಟ್ಟಡ ಹಗಲೆಲ್ಲ ಹೀರಿದ ಕಾವನ್ನು ರಾತ್ರಿಯೆಲ್ಲ ಬಿಡುತ್ತದೆ. ಆದ್ದರಿಂದ ದೇಹಕ್ಕೆ ಬಿಡುವೇ ಸಿಗುವುದಿಲ್ಲ. ಮುದುಕರಿಗೆ, ಸಕ್ಕರೆ ಕಾಯಿಲೆಯವರಿಗೆ, ಹೃದ್ರೋಗಿಗಳಿಗೆ ಅಪಾಯ ಹೆಚ್ಚು. ಇನ್ನೊಂದು ಮಾತು ಬಹಳ ಜನರಿಗೆ ತಿಳಿಯದು: ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ಮೈಯ ನೀರನ್ನು ಕಡಿಮೆ ಮಾಡುತ್ತದೆ. ಮಾನಸಿಕ ರೋಗಕ್ಕೆ ಕೊಡುವ ಕೆಲವು ಔಷಧಿಗಳು ಬೆವರನ್ನೇ ತಡೆಯುತ್ತವೆ. ಹೀಗೆ ರೋಗವನ್ನು ಹಿಡಿತದಲ್ಲಿಡಲು ಕೊಟ್ಟ ಮಾತ್ರೆಯೇ ಬಿಸಿ ಕೋಣೆಯಲ್ಲಿ ಪ್ರಾಣಕ್ಕೆ ಮುಳುವಾಗಬಹುದು.

ಟೆಕ್ಸಾಸಿನಲ್ಲಿ ಸುಮಾರು ನೂರು ರಾಜ್ಯ ಸೆರೆಮನೆಗಳಿವೆ. 2025ರ ಹೊತ್ತಿಗೂ ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಖೈದಿಗಳು ಮಲಗುವ ಜಾಗದಲ್ಲಿ ಪೂರ್ತಿ ಹವಾನಿಯಂತ್ರಣ ಇರಲಿಲ್ಲ. ಬೇಸಿಗೆಯಲ್ಲಿ ಒಳಗಿನ ಕಾವು 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. 2001ರಿಂದ 2019ರವರೆಗಿನ ಸಾವುಗಳ ಲೆಕ್ಕ ತೆಗೆದು 2022ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನವು, ಹವಾನಿಯಂತ್ರಣವಿಲ್ಲದ ಈ ಸೆರೆಮನೆಗಳಲ್ಲಿ 271 ಸಾವುಗಳಿಗೆ ತೀವ್ರ ಧಗೆ ಕಾರಣವಾಗಿರಬಹುದೆಂದು ಅಂದಾಜು ಮಾಡಿತು. 2012ರ ಅನಂತರ ಧಗೆಯಿಂದ ಯಾರೂ ಸತ್ತಿಲ್ಲವೆಂದು ಇಲಾಖೆ ವರ್ಷಗಟ್ಟಲೆ ಹೇಳುತ್ತ ಬಂದಿತ್ತು. 2024ರಲ್ಲಿ ಕೋರ್ಟಿನ ಮುಂದೆ ನಿಂತಾಗ, ಕೆಲವು ಸಾವುಗಳಲ್ಲಿ ಧಗೆಯ ಪಾತ್ರವಿತ್ತೆಂದು ಇಲಾಖೆಯ ಮುಖ್ಯಸ್ಥರೇ ಒಪ್ಪಿಕೊಂಡರು.

ವಿಚಿತ್ರವನ್ನು ನೋಡಿರಿ. ಅದೇ ಟೆಕ್ಸಾಸಿನಲ್ಲಿ ಜಿಲ್ಲಾ ಮಟ್ಟದ ಜೈಲುಗಳ ಒಳಗಿನ ಕಾವು 65ರಿಂದ 85 ಡಿಗ್ರಿಯೊಳಗೆ ಇರಬೇಕೆಂಬ ನಿಯಮವಿದೆ. ವಿಚಾರಣೆಗಾಗಿ ಅಲ್ಲಿದ್ದವನು ಶಿಕ್ಷೆಯಾಗಿ ರಾಜ್ಯ ಸೆರೆಮನೆಗೆ ಹೋದ ದಿನದಿಂದ ಆ ನಿಯಮದ ರಕ್ಷಣೆ ಅವನಿಗಿಲ್ಲ. ಅಲ್ಲಿನ ಖೈದಿಗಳಲ್ಲಿ ಅನೇಕರು ಹೊಲದಲ್ಲಿ ಗುದ್ದಲಿ ಹಿಡಿಯುತ್ತಾರೆ, ಅಡಿಗೆ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಹೆಚ್ಚುಕಡಿಮೆ ಯಾರಿಗೂ ಒಂದು ಕಾಸಿನ ಕೂಲಿಯಿಲ್ಲ. 2011ರಲ್ಲಿ ಫ್ಯಾನ್ ಬೇಕಾದವನು ಸೆರೆಮನೆಯ ಅಂಗಡಿಯಲ್ಲಿ ಸ್ವಂತ ಹಣ ಕೊಟ್ಟು ಕೊಳ್ಳಬೇಕಿತ್ತು. ಕೂಲಿ ಕೊಡದವರೇ ಫ್ಯಾನಿಗೆ ಬೆಲೆ ಕೇಳುವುದೆಂದರೆ ಏನೆಂಬುದನ್ನು ದುಡಿಯುವ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 2013ರಲ್ಲಿ ಅದೇ ಇಲಾಖೆಯು ತಾನು ಸಾಕುವ ಹಂದಿಗಳಿಗಾಗಿ, ನೀರು ಚಿಮುಕಿಸಿ ಫ್ಯಾನ್ ಹಾಕಿ ಕಾವು ತಗ್ಗಿಸುವ ಕೊಟ್ಟಿಗೆಗಳನ್ನು 7,50,000 ಡಾಲರಿಗೆ ಕೊಂಡಿತು. ಹಂದಿಗೆ ತಂಪು ಬೇಡವೆಂದು ನಾವು ಹೇಳುವುದಿಲ್ಲ, ಅದಕ್ಕೂ ಜೀವವಿದೆ. ಹಂದಿಗೆ ತಿಳಿದ ಲೆಕ್ಕ ಮನುಷ್ಯನಿಗೆ ಏಕೆ ಮರೆಯಿತೆಂದು ಕೇಳುತ್ತೇವೆ.

"ಹಣವಿಲ್ಲ" ಎಂಬುದು ಎಲ್ಲ ಕಾಲದ ಉತ್ತರ. ಮುದುಕರೂ ರೋಗಿಗಳೂ ಹೆಚ್ಚಾಗಿರುವ ಪ್ಯಾಕ್ ಎಂಬ ಸೆರೆಮನೆಯ ಖೈದಿಗಳು 2014ರಲ್ಲಿ ಕೋರ್ಟಿಗೆ ಹೋದರು. ಧಗೆಗೆ ಹೆಚ್ಚು ನೀರು ಕುಡಿಯಿರಿ ಎಂದು ಅವರಿಗೆ ಹೇಳಲಾಗುತ್ತಿತ್ತು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣ ಮಿತಿ ಮೀರಿತ್ತು. ಒಳ್ಳೆಯ ನೀರು ಕೊಡಿರೆಂದು 2016ರಲ್ಲಿ ನ್ಯಾಯಾಧೀಶ ಕೀತ್ ಎಲಿಸನ್ ಆಜ್ಞೆ ಮಾಡಬೇಕಾಯಿತು. ಧಗೆ ತಾಳಲಾರದವರನ್ನು ತಂಪಾದ ಜಾಗದಲ್ಲಿ ಇರಿಸಬೇಕೆಂದು 2017ರಲ್ಲಿ ಅವರೇ ಆಜ್ಞಾಪಿಸಿದರು. 2018ರಲ್ಲಿ ರಾಜಿಯಾಗಿ ಸೆರೆಮನೆ ತಂಪಾಯಿತು. ಎರಡು ಕೋಟಿ ಡಾಲರಿಗೂ ಹೆಚ್ಚು ಬೇಕೆಂದು ಹೇಳಿದ್ದ ಸರಕಾರದ ಹೊಸ ಅಂದಾಜು ಸುಮಾರು 40 ಲಕ್ಷ ಡಾಲರಿಗೆ ಇಳಿಯಿತು. ಆ ಮೊಕದ್ದಮೆಯ ವಿರುದ್ಧ ಹೋರಾಡಲು ಆಗಲೇ ಸುಮಾರು 70 ಲಕ್ಷ ಡಾಲರ್ ಖರ್ಚಾಗಿತ್ತು. ಹಣವಿತ್ತು, ಮನಸ್ಸಿರಲಿಲ್ಲ.

ಇಲ್ಲಿ ಕಾರ್ಮಿಕರಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. 2013ರಲ್ಲಿ ಸೆರೆಮನೆಯ ಕಾವಲುಗಾರರ ಸಂಘವೂ ಖೈದಿಗಳ ಮೊಕದ್ದಮೆಗೆ ಬೆಂಬಲ ಸೂಚಿಸಿತು. ದಪ್ಪ ಸಮವಸ್ತ್ರ ತೊಟ್ಟು ಅದೇ ಕುಲುಮೆಯಲ್ಲಿ ಪಾಳಿ ಮಾಡುವವರು ಅವರು. ಬೀಗದ ಈಚೆ ನಿಂತವನಿಗೂ ಆಚೆ ನಿಂತವನಿಗೂ ಧಗೆ ಒಂದೇ ಎಂಬುದನ್ನು ಅವರು ಮೈಯಿಂದ ಕಲಿತರು.

ಕಾನೂನು ಏನು ಹೇಳುತ್ತದೆ? ಟೆಕ್ಸಾಸಿನ ಒಬ್ಬ ಖೈದಿ 1973ರಲ್ಲಿ ಸೆರೆಮನೆಯ ಲಾರಿಯಿಂದ ಮಾಲು ಇಳಿಸುತ್ತಿದ್ದಾಗ ಹತ್ತಿಯ ಮೂಟೆ ಮೇಲೆ ಬಿದ್ದು ಗಾಯಗೊಂಡನು. ಸರಿಯಾದ ಚಿಕಿತ್ಸೆ ಸಿಗಲಿಲ್ಲವೆಂದು ಅವನು ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಂದು ತತ್ವವನ್ನು ಸ್ಥಾಪಿಸಿತು: ಖೈದಿಯ ಗಂಭೀರ ಕಾಯಿಲೆಯನ್ನು ತಿಳಿದೂ ಕಡೆಗಣಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆ. ಆತ ತನ್ನ ಮೊಕದ್ದಮೆಯಲ್ಲಿ ಗೆಲ್ಲಲಿಲ್ಲ. ಆದರೆ ಅವನ ಹಿಂದೆ ಬಂದವರಿಗೆ ದಾರಿಯಾಯಿತು. 2025ರ ಮಾರ್ಚ್ 26ರಂದು ನ್ಯಾಯಾಧೀಶ ರಾಬರ್ಟ್ ಪಿಟ್ಮನ್ ಅವರು, ಟೆಕ್ಸಾಸ್ ಸೆರೆಮನೆಗಳ ಧಗೆ ಸಂವಿಧಾನಕ್ಕೆ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿದರು. ಆದರೂ ಕೂಡಲೇ ತಾತ್ಕಾಲಿಕ ಯಂತ್ರ ಹಾಕಿರೆಂದು ಆಜ್ಞಾಪಿಸಲಿಲ್ಲ. ಅದರಿಂದ ಶಾಶ್ವತ ಕೆಲಸ ಹಿಂದೆ ಬೀಳಬಹುದೆಂಬುದು ಅವರ ಅಭಿಪ್ರಾಯ. ಶಾಸನಸಭೆಯ ಕೆಳಮನೆ 2021, 2023, 2025ರಲ್ಲಿ ಸೆರೆಮನೆಗಳನ್ನು ತಂಪಾಗಿಸುವ ಮಸೂದೆಗಳನ್ನು ಒಪ್ಪಿತು. ಮೂರು ಬಾರಿಯೂ ಮೇಲ್ಮನೆಯಲ್ಲಿ ಅವು ನಿಂತುಹೋದವು. 2023ರಲ್ಲಿ 8.5 ಕೋಟಿ ಡಾಲರ್ ಮಂಜೂರಾಗಿ ಕೆಲಸ ಅಲ್ಲಲ್ಲಿ ನಡೆದಿದೆ ಎಂಬುದನ್ನೂ ಹೇಳುವುದು ನ್ಯಾಯ. ಆದರೆ ಬೇಸಿಗೆ ಯಾರಿಗಾಗಿಯೂ ಕಾಯುವುದಿಲ್ಲ.

ದೂರದ ಅಮೆರಿಕದ ವಿಷಯ ನಮಗೇಕೆ ಎನ್ನಬೇಡಿರಿ. 1951ರಲ್ಲಿ ತೋಟದ ಕಾರ್ಮಿಕರ ಕಾಯಿದೆ ಬಂದು, ಕುಡಿಯುವ ನೀರು, ವಸತಿ, ಔಷಧೋಪಚಾರ ಮಾಲೀಕರ ಹೊಣೆಯೆಂದು ಹೇಳಿತು. ತನ್ನ ನೆಲದಲ್ಲಿ, ತನ್ನ ಮನೆಗಳಲ್ಲಿ ಜನರನ್ನು ಇರಿಸಿಕೊಂಡವನು ಅವರ ಜೀವಕ್ಕೆ ಜವಾಬ್ದಾರನೆಂಬ ಆ ತತ್ವದ ಫಲವನ್ನು ನಮ್ಮ ತಾಯಿತಂದೆಗಳು ಕಂಡರು. ಅದೇ ತತ್ವ ಸೆರೆಮನೆಗೂ ಸಲ್ಲಬೇಕು. ಅಲ್ಲದೆ ಸೆರೆಮನೆ ನಮ್ಮಿಂದ ದೂರವೂ ಇಲ್ಲ. 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಇನ್ನೂ ತೀರ್ಪಾಗದ ವಿಚಾರಣಾ ಬಂದಿಗಳು. ಜಾಮೀನಿಗೆ ಹಣವಿಲ್ಲದ ಬಡವನ ಮಗ ಅಲ್ಲಿಗೆ ಸೇರಲು ಒಂದು ಜಗಳ ಸಾಕು, ಒಂದು ಸುಳ್ಳು ದೂರು ಸಾಕು.

ಆದ್ದರಿಂದ ನಮ್ಮ ಕೋರಿಕೆ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಬಂಧುವನ್ನೋ ನೆರೆಯವರನ್ನೋ ನೋಡಲು ಜೈಲಿಗೆ ಹೋದರೆ ಕೇಸಿನ ಮಾತಿಗೆ ಮೊದಲು ಕೇಳಿರಿ: ಕುಡಿಯುವ ನೀರು ಸಾಕಷ್ಟು ಸಿಗುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಯಾವ ಮಾತ್ರೆ ನುಂಗುತ್ತೀ, ತಲೆಸುತ್ತು ಬರುತ್ತದೆಯೇ ಎಂದು. ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ಅಲ್ಲೇ ಜೈಲಿನ ಡಾಕ್ಟರಿಗೆ ತಿಳಿಸಿರಿ. ವಕೀಲರಿಗೂ ಹೇಳಿರಿ. ಸೆರೆಯಲ್ಲಿದ್ದವರನ್ನು ನೋಡಲು ಹೋಗಬೇಕೆಂದು ನಮ್ಮ ಕರ್ತನು ಬೋಧಿಸಿದಾಗ ಒಳಗಿರುವವನು ನಿರಪರಾಧಿಯೋ ಅಪರಾಧಿಯೋ ಎಂದು ವಿಚಾರಿಸಿಕೊಂಡು ಹೋಗಿರೆಂದು ಹೇಳಲಿಲ್ಲ.

ಹಚಿನ್ಸ್ ಸೆರೆಮನೆಯಲ್ಲಿ ಬೆಂದವನಿಗೆ ನ್ಯಾಯಾಧೀಶರು ವಿಧಿಸಿದ್ದು ಕೆಲವು ತಿಂಗಳ ಸೆರೆವಾಸ. ಮರಣದಂಡನೆಯನ್ನು ಯಾವ ಕೋರ್ಟೂ ಬರೆದಿರಲಿಲ್ಲ. ಬರೆಯದ ಶಿಕ್ಷೆಯನ್ನು ಜಾರಿ ಮಾಡುವ ಅಧಿಕಾರ ಯಾವ ಸರಕಾರಕ್ಕೂ ಇಲ್ಲ.