ಹೊಕ್ಕಿತೆಂದ ಮಾತ್ರಕ್ಕೆ ಹೊಂದಿತೆ?

ಹಳೆಯ ಸೈನಿಕ ಬಂದೂಕುಗಳ ವಿಚಾರವು ಅಗ್ರಲೇಖನಕ್ಕೆ ತಕ್ಕುದಲ್ಲವೆಂದು ನಮ್ಮ ವಾಚಕರಲ್ಲಿ ಕೆಲವರು ಭಾವಿಸಬಹುದು. ಆದರೆ ಈ ವಿಚಾರದಲ್ಲಿ ನಮ್ಮ ದೇಶದ ಒಂದು ಕಾರ್ಖಾನೆಯ ಕೀರ್ತಿಯೂ, ಬಂದೂಕು ಹಿಡಿದವನ ಕಣ್ಣು ಕೈಗಳ ಕ್ಷೇಮವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಎರಡು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರಿದೆ.

ಬ್ರಿಟಿಷರ ಕಾಲದಿಂದ .303 ಅಂಗುಲದ ಲೀ-ಎನ್‌ಫೀಲ್ಡ್ ರೈಫಲುಗಳನ್ನು ತಯಾರಿಸುತ್ತಿದ್ದ ಬಂಗಾಳದ ಇಶಾಪುರದ ಕಾರ್ಖಾನೆಯು, 1962ರ ಚೀನಾ ಯುದ್ಧದ ತರುವಾಯದ ವರ್ಷಗಳಲ್ಲಿ, ಅದೇ ಮಾದರಿಯನ್ನು 7.62 ಮಿಲಿಮೀಟರಿನ ನೇಟೋ ತೋಟಾಕ್ಕೆ ಅಳವಡಿಸಿ '2ಎ', '2ಎ1' ಎಂಬ ರೈಫಲುಗಳನ್ನು ಹೊರತಂದಿತು. ಸೇವೆಯಿಂದ ನಿವೃತ್ತವಾದ ಮೇಲೆ ಇವುಗಳಲ್ಲಿ ಎಷ್ಟೋ ಅಮೆರಿಕದ ಹಳೆಯ ಆಯುಧಗಳ ಪೇಟೆಯನ್ನು ಸೇರಿದವು. ಅಲ್ಲಿ ಕೆಲವರು, ಇದು ಹಳೆಯ .303 ರೈಫಲಿಗೆ ಹೊಸ ನಳಿಗೆ ತೊಡಿಸಿದ ಅಪಾಯಕರ ವಸ್ತುವೆಂದು ಹಳಿದರು. ಈ ಮಾತು ನಿಜವಲ್ಲ. ಅಂತರರಾಷ್ಟ್ರೀಯ ಆಯುಧ ಪರೀಕ್ಷಾ ಆಯೋಗವು .303 ತೋಟಾಕ್ಕೆ 3,650 ಬಾರ್ ಒತ್ತಡವನ್ನು ಮಿತಿಯಾಗಿ ಇಟ್ಟಿದ್ದರೆ, ನೇಟೋ ತೋಟಾದ ಸೋದರನೆನ್ನಬಹುದಾದ .308 ವಿಂಚೆಸ್ಟರ್ ತೋಟಾಕ್ಕೆ 4,150 ಬಾರ್ ಎಂದು ವಿಧಿಸಿದೆ. ಈ ಹೆಚ್ಚಳವನ್ನು ಇಶಾಪುರದ ಶಿಲ್ಪಿಗಳು ಅರಿಯದವರಾಗಿರಲಿಲ್ಲ. ಆದುದರಿಂದಲೇ ಅವರು ಉತ್ತಮತರವಾದ ಉಕ್ಕಿನಿಂದ ಈ ರೈಫಲನ್ನು ಹೊಸದಾಗಿಯೇ ನಿರ್ಮಿಸಿದರು.

ಹಾಗೆಂದು, ನಮ್ಮವರು ಮಾಡಿದ ರೈಫಲು ಯಾವ ತೋಟಾವನ್ನಾದರೂ ತಾಳೀತೆಂದು ಎದೆ ತಟ್ಟಿಕೊಳ್ಳುವುದೂ ಅವಿವೇಕವೇ ಸರಿ. ಬೇಟೆಗಾರರ .308 ತೋಟಾವು ಈ ರೈಫಲಿನೊಳಗೆ ಸಲೀಸಾಗಿ ಹೋಗುತ್ತದೆ. ಹೊಕ್ಕಿತೆಂದ ಮಾತ್ರಕ್ಕೆ ಹೊಂದಿತೆಂದು ಅರ್ಥವೆ?

ಇಲ್ಲಿ ಒಂದು ಭ್ರಮೆಯನ್ನು ಮೊದಲು ಕಳೆಯಬೇಕು. ನೇಟೋ ತೋಟಾದ ಒತ್ತಡ ಚದರಂಗುಲಕ್ಕೆ 50,000 ಪೌಂಡು, .308ರದು 62,000 ಪೌಂಡು ಎಂಬ ಲೆಕ್ಕವನ್ನು ತೋರಿಸಿ ಹೆದರಿಸುವವರುಂಟು. ಮೊದಲನೆಯದು ತಾಮ್ರದ ತುಂಡೊಂದು ಎಷ್ಟು ಕುಗ್ಗಿತೆಂದು ನೋಡಿ ಅಳೆದ ಹಳೆಯ ಕ್ರಮದ ಅಂಕಿ. ಎರಡನೆಯದು ವಿದ್ಯುತ್ ಉಪಕರಣದಿಂದ ಅಳೆದದ್ದು. ತಾಮ್ರದ ಕ್ರಮದಲ್ಲಿಯೇ ಅಳೆದರೆ .308ರ ಮಿತಿ 52,000 ಮಾತ್ರ. ಒಂದನ್ನು ಸೇರಿನಲ್ಲಿ, ಮತ್ತೊಂದನ್ನು ಪಾವಿನಲ್ಲಿ ಅಳೆದು ರಾಶಿಗಳನ್ನು ಹೋಲಿಸಿದಂತಾಯಿತು!

ನಿಜವಾದ ಅಪಾಯವಿರುವುದು ಬೇರೆಡೆಯಲ್ಲಿ. ಸೈನಿಕ ರೈಫಲಿನಲ್ಲಿ ತೋಟಾ ಕೂರುವ ಕೋಶವು, ಧೂಳು ಕೆಸರುಗಳಲ್ಲಿಯೂ ಕೆಲಸ ನಡೆಯಲೆಂದು, ಅಂಗುಲದ ಸಾವಿರದಲ್ಲಿ ಕೆಲವು ಪಾಲಿನಷ್ಟು ಆಳವಾಗಿರುತ್ತದೆ. ಸೈನಿಕ ತೋಟಾದ ದಪ್ಪನಾದ ಹಿತ್ತಾಳೆ ಕವಚವು ಆ ಸಡಿಲವನ್ನು ತಾಳಿಕೊಳ್ಳುತ್ತದೆ. ಬೇಟೆಯ ತೋಟಾದ ತೆಳುಗವಚವು ತಾಳದೆ ಬುಡದ ಬಳಿ ಹರಿಯಬಹುದು. ಲೀ-ಎನ್‌ಫೀಲ್ಡಿನ ಬೋಲ್ಟು ಹಿಂಭಾಗದಲ್ಲಿ ಬಿಗಿಯುವಂಥದಾದುದರಿಂದ ಸ್ಫೋಟದ ವೇಳೆ ಅದು ಸ್ವಲ್ಪ ಬಳುಕಿ, ಕವಚವನ್ನು ಮತ್ತಷ್ಟು ಹಿಗ್ಗಿಸುತ್ತದೆ. ಹತ್ತಾರು ವರ್ಷ ಸವೆದ ರೈಫಲಿನಲ್ಲಿ ಈ ಸಡಿಲವು ಎಷ್ಟಾಗಿದೆಯೆಂಬುದನ್ನು ಕಣ್ಣು ಹೇಳಲಾರದು. ಗೇಜು ಮಾತ್ರ ಹೇಳಬಲ್ಲುದು. ಕವಚ ಹರಿದಾಗ ಹಿಂದಕ್ಕೆ ನುಗ್ಗುವ ಉರಿಯ ಮಾರ್ಗದಲ್ಲಿರುವುದು ಹಾರಿಸುವವನ ಮುಖವೇ.

ಇದು ಬಡ ದೇಶದ ಕಾರ್ಖಾನೆಗೆ ಮಾತ್ರ ಅಂಟಿದ ದೋಷವೆಂದು ಯಾರೂ ತಿಳಿಯತಕ್ಕದ್ದಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಶಾಲೆಯಲ್ಲಿಯೇ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಿಂದ ನೋಡಿ ಶಾಖವನ್ನು ನಿರ್ಣಯಿಸುತ್ತಿದ್ದರು. ಬಿಸಿಲು ಪ್ರಖರವಾದ ದಿನ ಉಕ್ಕು ಕಡಮೆ ಕಾದಂತೆ ತೋರಿ, ಮಿತಿಮೀರಿ ಕಾಯಿಸಲ್ಪಟ್ಟು, ಗಾಜಿನಂತೆ ಬಿರುಸಾಯಿತು. 1917ರಲ್ಲಿ ರೈಫಲುಗಳು ಸಿಡಿದಾಗಲೇ ದೋಷವು ಹೊರಬಿದ್ದುದು. ಆ ಶಾಲೆಯ 1903ರ ಮಾದರಿಯಲ್ಲಿ 8,00,000ಕ್ಕಿಂತ ಕಡಮೆ ಸಂಖ್ಯೆಯುಳ್ಳವನ್ನು ಇಂದಿಗೂ ತಿಳಿದವರು ಹಾರಿಸುವುದಿಲ್ಲ. ಜರ್ಮನರ 1888ರ ರೈಫಲಿನ ಕಥೆ ಇನ್ನೊಂದು ಬಗೆ. ಅವರು ಮುಂದೆ ತಮ್ಮ ಗುಂಡನ್ನು ಸುಮಾರು 8.1 ಮಿಲಿಮೀಟರಿನಿಂದ 8.2ಕ್ಕೆ ದಪ್ಪಗೊಳಿಸಿದರು, ಹೆಸರು ಮಾತ್ರ ಎರಡಕ್ಕೂ ಎಂಟು ಮಿಲಿಮೀಟರೆಂದೇ ನಿಂತಿತು. ತಿದ್ದದ ಹಳೆಯ ನಳಿಗೆಯಲ್ಲಿ ಹೊಸ ಗುಂಡನ್ನು ಹಾರಿಸಿದರೆ ಒತ್ತಡವು ಅಪಾಯದ ಮಟ್ಟಕ್ಕೆ ಏರುವುದು.

ಇವೆಲ್ಲ ದೂರದ ಸಂಗತಿಗಳೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಸೈನಿಕ ಬೋರಿನ ರೈಫಲುಗಳು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರಲಾರವು; ಆದರೆ ಹಳೆಯ ಕೋವಿಗೆ ಹೊಸ ತೋಟಾ ಎಂಬ ಪ್ರಶ್ನೆಯು ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಇದ್ದೇ ಇದೆ. ತಾತನ ಕಾಲದ ಹನ್ನೆರಡು ಬೋರಿನ ತೋಟಾ ಕೋವಿಗಳಲ್ಲಿ ಎರಡೂವರೆ ಅಂಗುಲದ ತೋಟಾಕ್ಕಾಗಿ ಕೋಶ ಕೊರೆದವು ಹಲವು. ಈಗಿನ ಎರಡೂಮುಕ್ಕಾಲು ಅಂಗುಲದ ತೋಟಾವೂ ಅದರೊಳಗೆ ಹೋಗುತ್ತದೆ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳ ಸಾಲದೆ ಒತ್ತಡವು ಏರುತ್ತದೆ. ಕಪ್ಪು ಮದ್ದಿನ ಕಾಲದ ನಳಿಗೆಗೆ ಇದು ಮೃತ್ಯುಸಮಾನ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದ್ದು ಉಚಿತವೇ. ಆದರೆ ಕಾನೂನಿನ ವಿನಾಯಿತಿಯು ಪದಾರ್ಥದ ನಿಯಮಕ್ಕೆ ವಿನಾಯಿತಿಯಾಗದು.

ಆದುದರಿಂದ ಅಧಿಕಾರಿಗಳಿಗೆ ನಮ್ಮ ಸೂಚನೆ ಇಷ್ಟೆ. ಪ್ರತಿ ವರ್ಷವೂ ಕೈಲ್ ಮುಹೂರ್ತಕ್ಕೆ ಮುನ್ನ ತಾಲೂಕು ಕೇಂದ್ರಗಳಲ್ಲಿ ಪೊಲೀಸ್ ಶಸ್ತ್ರಾಗಾರದ ನುರಿತ ಕೆಲಸಗಾರರಿಂದ ಹಳೆಯ ಕೋವಿಗಳ ಉಚಿತ ಪರೀಕ್ಷೆ ನಡೆಯಲಿ. ಆ ಕೋವಿಗೆ ಸಲ್ಲುವ ತೋಟಾ ಯಾವುದೆಂದು ಬರೆದ ಚೀಟಿಯನ್ನು ಒಡೆಯನಿಗೆ ಕೊಡಲಿ. ಹಾರಿಸಲು ಯೋಗ್ಯವಲ್ಲದ್ದನ್ನು ಕಸಿದುಕೊಳ್ಳಬೇಕಾಗಿಲ್ಲ. ಅದು ಪೂಜೆಗೆ ಉಳಿಯಲಿ. ಕಸಿಯುವರೆಂಬ ಭಯವಿದ್ದರೆ ಯಾರೂ ಕೋವಿಯನ್ನು ಪರೀಕ್ಷೆಗೆ ತರಲಾರರು.

ಇಶಾಪುರದ ಉಕ್ಕಿನ ಮೇಲೆ ನಮಗೆ ಅಭಿಮಾನವುಂಟು. ಅದನ್ನು ಎರಕಹೊಯ್ದವರು ಅಭಿಮಾನವನ್ನು ನಂಬಿ ಕೂರಲಿಲ್ಲ, ಅಳೆದು ನೋಡಿ ಮಾಡಿದರು. ಅವರ ಕೆಲಸಕ್ಕೆ ಸಲ್ಲಿಸಬಹುದಾದ ಗೌರವವೆಂದರೆ, ನಾವೂ ಅಳೆದು ನೋಡಿಯೇ ಹಾರಿಸುವುದು.