ತರಬೇತುದಾರನ ಗುಣ, ತಂಡದ ಗುಣ

ನಮ್ಮಲ್ಲಿ ಎರಡು ಗಾದೆಗಳುಂಟು. ‘ಅರಸನಂತೆ ಪ್ರಜೆಗಳು’ ಎಂಬುದೊಂದು. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂಬುದಿನ್ನೊಂದು. ಮೊದಲನೆಯದು, ನಾಯಕನ ಗುಣವೇ ಅವನ ಪರಿವಾರದ ಗುಣವಾಗುತ್ತದೆಂದು ಹೇಳುತ್ತದೆ. ಎರಡನೆಯದು, ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಅವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬಾರದೆಂದು ಎಚ್ಚರಿಸುತ್ತದೆ. ಸೋಲುತ್ತಿದ್ದ ಆಟದ ತಂಡಕ್ಕೆ ಹೊಸ ತರಬೇತುದಾರನೊಬ್ಬನು ಬಂದು, ಆ ತಂಡವು ಗೆಲ್ಲತೊಡಗಿದಾಗ, ಇವೆರಡರಲ್ಲಿ ಯಾವುದನ್ನು ನೆನೆಯಬೇಕು? ಪತ್ರಿಕೆಗಳು ಸಾಮಾನ್ಯವಾಗಿ ಮೊದಲನೆಯದನ್ನೇ ನೆನೆಯುತ್ತವೆ. ವಿಜ್ಞಾನವನ್ನು ಓದುವ ನಾವು ಎರಡನ್ನೂ ಎದುರಿಗಿಟ್ಟುಕೊಂಡು ವಿಚಾರಿಸಬೇಕು. ಈ ಪ್ರಶ್ನೆ ಕೇವಲ ಆಟದ್ದಲ್ಲ. ನಿಮಗೆ ಪಾಠ ಹೇಳುವ ನಮ್ಮಂಥವರ ನಡವಳಿಕೆಗೂ ಸಂಬಂಧಿಸಿದುದೆಂಬುದು ಮುಂದೆ ತಿಳಿಯುವುದು.

ವಿಚಾರಕ್ಕೆ ನಾವು ಆರಿಸಿಕೊಂಡಿರುವ ಉದಾಹರಣೆ ಅಮೆರಿಕದ್ದು. ಅಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಬೆಳ್ಳಿಯ ಪಾರಿತೋಷಕಕ್ಕೆ ವಿನ್ಸ್ ಲೊಂಬಾರ್ಡಿಯ ಹೆಸರನ್ನಿಟ್ಟಿದ್ದಾರೆ. ೧೯೧೩ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಈತನು, ೧೯೩೯ರಿಂದ ಎಂಟು ವರ್ಷಕಾಲ ನ್ಯೂಜೆರ್ಸಿಯ ಎಂಗಲ್‌ವುಡ್ ಎಂಬ ಊರಿನ ಸೇಂಟ್ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಲ್ಯಾಟಿನ್ ಭಾಷೆಗಳ ಪಾಠ ಹೇಳುತ್ತ, ಜೊತೆಗೆ ಹುಡುಗರಿಗೆ ಆಟವನ್ನೂ ಕಲಿಸುತ್ತಿದ್ದವನು. ಭೌತಶಾಸ್ತ್ರದ ಮೇಷ್ಟರೆಂದ ಮೇಲೆ ನಮಗೆ ಪಕ್ಷಪಾತ ಹುಟ್ಟುವುದು ಸಹಜ. ಆದುದರಿಂದಲೇ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ಕಡೆ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಆಟ ಅದು. ಒಂದೊಂದು ಕಡೆಗೂ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು. ಒಂದೊಂದು ಪ್ರಯತ್ನವೂ ಮೊದಲೇ ಕಲಿತು ಅಭ್ಯಾಸ ಮಾಡಿದ ಒಂದು ವ್ಯೂಹ. ಹನ್ನೊಂದು ಮಂದಿಯಲ್ಲಿ ಒಬ್ಬನು ಅರೆಗಳಿಗೆ ತಡಮಾಡಿದರೂ ವ್ಯೂಹವೆಲ್ಲ ಕುಸಿಯುತ್ತದೆ. ಇದನ್ನು ಕಲಿಸುವ ಮುಖ್ಯ ತರಬೇತುದಾರನ ಸ್ವಭಾವಕ್ಕೆ ಅಷ್ಟೊಂದು ಬೆಲೆ ಬಂದಿರುವುದಕ್ಕೆ ಕಾರಣ ಇದೇ.

ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಒಂದು ಚಿಕ್ಕ ನಗರ. ಅದರ ಪ್ಯಾಕರ್ಸ್ ತಂಡವು ೧೯೫೮ರಲ್ಲಿ ಹನ್ನೆರಡು ಪಂದ್ಯಗಳನ್ನಾಡಿ ಒಂದನ್ನು ಗೆದ್ದಿತು, ಹತ್ತನ್ನು ಸೋತಿತು, ಒಂದು ಸಮವಾಯಿತು. ಅಂದಿನ ತರಬೇತುದಾರ ಮೆಕ್‌ಲೀನ್ ಸೌಮ್ಯ ಸ್ವಭಾವದವನು. ಮರುವರ್ಷ ಲೊಂಬಾರ್ಡಿ ಬಂದನು. ಆತನದು ಗುಡುಗಿನಂಥ ಕಂಠ, ಬೆಂಕಿಯಂಥ ಕೋಪ. ಆ ವರ್ಷ ತಂಡವು ಹನ್ನೆರಡರಲ್ಲಿ ಏಳನ್ನು ಗೆದ್ದು ಐದನ್ನು ಸೋತಿತು. ‘ಮೆತ್ತಗಿನವನು ಸೋಲಿಸಿದ, ಗದರಿದವನು ಗೆಲ್ಲಿಸಿದ’ ಎಂದು ತೀರ್ಪು ಕೊಟ್ಟುಬಿಡುವುದು ಎಷ್ಟು ಸುಲಭ!

ಸ್ವಲ್ಪ ಲೆಕ್ಕ ಮಾಡೋಣ. ಒಂದು ನಾಣ್ಯವನ್ನು ಹನ್ನೆರಡು ಸಲ ಚಿಮ್ಮಿದರೆ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ‘ತಲೆ’ ಬೀಳುವ ಸಂಭವ ನೂರಕ್ಕೆ ಸುಮಾರು ೩೯. ಎಂದರೆ, ಯಾವ ವಿಶೇಷ ಶಕ್ತಿಯೂ ಇಲ್ಲದ ಸಾಧಾರಣ ತಂಡಕ್ಕೂ ಅದೃಷ್ಟ ಒಂದರಿಂದಲೇ ಅಂಥ ವರ್ಷ ಒದಗಬಹುದು. ಅದೇ ನಾಣ್ಯವು ಹನ್ನೆರಡರಲ್ಲಿ ಒಂದೇ ಸಲ ‘ತಲೆ’ ಬೀಳುವ, ಅಥವಾ ಒಂದು ಸಲವೂ ಬೀಳದಿರುವ ಸಂಭವ ೪೦೯೬ರಲ್ಲಿ ೧೩ ಮಾತ್ರ. ಆದುದರಿಂದ ೧೯೫೮ರ ಸೋಲೆಲ್ಲ ದುರದೃಷ್ಟವೆನ್ನಲು ಬರುವುದಿಲ್ಲ. ತಂಡ ನಿಜವಾಗಿಯೂ ಕೆಟ್ಟಿತ್ತು. ಆದರೂ ಅಷ್ಟು ಕೆಳಗಿಳಿದದ್ದು ಸ್ವಲ್ಪವಾದರೂ ಮೇಲೇರುವ ಸಂಭವವೇ ಹೆಚ್ಚು, ಯಾರು ಬಂದಿದ್ದರೂ ಸರಿಯೆ.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ೧೯೫೯ರಲ್ಲಿ ಲೊಂಬಾರ್ಡಿಯ ತಂಡ ಮೊದಲ ಮೂರು ಪಂದ್ಯಗಳನ್ನು ಗೆದ್ದಿತು. ಆಮೇಲೆ ಒಂದರ ಮೇಲೊಂದರಂತೆ ಐದನ್ನು ಸೋತಿತು. ಕೊನೆಯ ನಾಲ್ಕನ್ನು ಗೆದ್ದಿತು. ಮೂರನೆಯ ಪಂದ್ಯದ ಬಳಿಕ ಕೇಳಿದ್ದರೆ ಆತ ವೀರ. ಎಂಟನೆಯದರ ಬಳಿಕ ಕೇಳಿದ್ದರೆ ನಿಷ್ಪ್ರಯೋಜಕ. ಹನ್ನೆರಡನೆಯದರ ಬಳಿಕ ಮತ್ತೆ ವೀರ. ಈ ಮೂರು ತಿಂಗಳಲ್ಲಿ ಆತನ ಸ್ವಭಾವವೇನೂ ಮೂರು ಸಲ ಬದಲಾಗಿರಲಿಲ್ಲವಷ್ಟೆ. ಕೆಲವೇ ಅಳತೆಗಳಿಂದ ನಿಯಮವನ್ನು ಕಟ್ಟಬಾರದೆಂದು ಪ್ರಯೋಗಶಾಲೆಯಲ್ಲಿ ನಿಮಗೆ ಹೇಳುತ್ತೇವೆ. ಆಟದ ಬಯಲಿನಲ್ಲಿ ಆ ಬುದ್ಧಿಯನ್ನು ಬಿಟ್ಟುಬಿಡಬೇಕೇಕೆ?

ಹಾಗಾದರೆ ತರಬೇತುದಾರನ ಪ್ರಭಾವವೆಂಬುದೇ ಸುಳ್ಳೆ? ಅಲ್ಲ. ಅಳತೆಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಚಿತ್ರ ಬೇರೆಯಾಗುತ್ತದೆ. ೧೯೬೧, ೧೯೬೨, ೧೯೬೫, ೧೯೬೬, ೧೯೬೭—ಏಳು ವರ್ಷಗಳಲ್ಲಿ ಐದು ಸಲ ಪ್ಯಾಕರ್ಸ್ ತಂಡವೇ ಆ ಲೀಗಿನ ಅಗ್ರಸ್ಥಾನವನ್ನು ಪಡೆಯಿತು. ಕಣದಲ್ಲಿದ್ದುದು ಕನಿಷ್ಠ ಹದಿನಾಲ್ಕು ತಂಡಗಳು. ಎಲ್ಲವೂ ಸಮಬಲದವಾಗಿ, ಬರಿಯ ಅದೃಷ್ಟವೇ ನಿರ್ಣಾಯಕವಾಗಿದ್ದರೆ, ಗೊತ್ತಾದ ಒಂದು ತಂಡಕ್ಕೆ ಏಳರಲ್ಲಿ ಐದು ಸಲ ಗೆಲುವು ದೊರೆಯುವ ಸಂಭವ ಸುಮಾರು ಮೂವತ್ತು ಸಾವಿರಕ್ಕೆ ಒಂದು. ಕಾಗೆಯ ಗಾದೆ ಇಲ್ಲಿ ಸಾಲದು.

ಆದರೆ ಈ ಶಕ್ತಿ ಎಲ್ಲಿಂದ ಬಂತು? ೧೯೫೮ರ ಸೋತ ತಂಡದ ಪಟ್ಟಿಯನ್ನು ತೆಗೆದು ನೋಡಿದರೆ ಆಶ್ಚರ್ಯವಾಗುತ್ತದೆ. ಬಾರ್ಟ್ ಸ್ಟಾರ್, ಪಾಲ್ ಹಾರ್ನಂಗ್, ಜಿಮ್ ಟೇಲರ್, ರೇ ನಿಚ್ಕೆ, ಜೆರಿ ಕ್ರೇಮರ್, ಫಾರೆಸ್ಟ್ ಗ್ರೆಗ್, ಜಿಮ್ ರಿಂಗೊ—ಮುಂದೆ ಆ ಆಟದ ಕೀರ್ತಿಭವನವನ್ನು ಸೇರಿದ ಈ ಏಳು ಮಂದಿಯೂ ಆಗಲೇ ಅಲ್ಲಿದ್ದರು! ಕಬ್ಬಿಣದ ಸಾದಾ ತುಂಡೊಂದರಲ್ಲಿಯೂ ಅತಿ ಸಣ್ಣ ಕಾಂತವಲಯಗಳು ಇದ್ದೇ ಇರುತ್ತವೆ. ದಿಕ್ಕಿಗೊಂದರಂತೆ ಮುಖಮಾಡಿರುವುದರಿಂದ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತದೆ. ಹತ್ತಿರ ಹಿಡಿದ ಅಯಸ್ಕಾಂತವು ಒಳಗೆ ಹೊಸದಾಗಿ ಏನನ್ನೂ ಸುರಿಯುವುದಿಲ್ಲ. ಇದ್ದುದನ್ನೇ ಒಂದು ದಿಕ್ಕಿಗೆ ತಿರುಗಿಸುತ್ತದೆ. ಅದೇ ಅಯಸ್ಕಾಂತವನ್ನು ತಾಮ್ರದ ಮುಂದೆ ಹಿಡಿದರೆ ಅಂಥ ಫಲವಿಲ್ಲ. ತರಬೇತುದಾರನ ಗುಣವೆಷ್ಟು ಮುಖ್ಯವೋ ಲೋಹದ ಗುಣವೂ ಅಷ್ಟೇ ಮುಖ್ಯವೆಂದಾಯಿತು.

ತಿರುಗಿಸಿದ್ದಾದರೂ ಹೇಗೆ? ಸ್ವಭಾವವು ಗಾಳಿಯಲ್ಲಿ ಹರಡುವ ವಸ್ತುವಲ್ಲ. ಅದು ದಿನನಿತ್ಯದ ಅಭ್ಯಾಸವಾಗಿ ಇಳಿದಾಗಲೇ ಕೆಲಸ ಮಾಡುತ್ತದೆ. ಕರೆದ ಹೊತ್ತಿಗೆ ಹದಿನೈದು ನಿಮಿಷ ಮೊದಲೇ ಹಾಜರಿರಬೇಕೆಂಬುದು ಲೊಂಬಾರ್ಡಿಯ ನಿಯಮ. ಆಟಗಾರರು ಅದನ್ನು ‘ಲೊಂಬಾರ್ಡಿ ಕಾಲ’ವೆಂದೇ ಕರೆದರು. ಚೆಂಡು ಹಿಡಿದವನು ಬದಿಗೆ ಸುತ್ತಿ ಓಡುವಾಗ ಅವನ ಮುಂದೆ ಇಬ್ಬರು ಕಾವಲುಗಾರರು ದಾರಿ ಬಿಡಿಸುತ್ತ ಹೋಗುವ ಒಂದೇ ವ್ಯೂಹವನ್ನು, ಬೇಸರ ಹುಟ್ಟುವವರೆಗೆ, ಬೇಸರವನ್ನು ದಾಟಿಯೂ ಮಾಡಿಸುತ್ತಿದ್ದನು. ಆ ಒಂದು ವ್ಯೂಹದ ಮೇಲೆ ಆತ ಎಂಟು ಗಂಟೆಗಳ ಕಾಲ ಉಪನ್ಯಾಸ ಮಾಡಿದುದನ್ನು, ಮುಂದೆ ತಾನೇ ಪ್ರಸಿದ್ಧ ತರಬೇತುದಾರನಾದ ಜಾನ್ ಮ್ಯಾಡನ್ ಬಹುಕಾಲ ನೆನೆಯುತ್ತಿದ್ದನು. ಕರಿಯ ಆಟಗಾರರನ್ನು ಒಳಗೆ ಬಿಡದ ಅಂಗಡಿಗೆ ಬಿಳಿಯ ಆಟಗಾರರೂ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದನು. ತಂಡವೆಂದರೆ ಒಂದೇ ತಂಡ ಎಂಬುದು ಹೀಗೆ ಮಾತಾಗಿ ಉಳಿಯದೆ ಆಚರಣೆಯಾಯಿತು.

ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯೂ ಉಂಟಷ್ಟೆ. ಒಮ್ಮೆ ಲೊಂಬಾರ್ಡಿ ಎಲ್ಲರೆದುರಿಗೆ ಸ್ಟಾರನನ್ನು ಗದರಿದನು. ಸ್ಟಾರ್ ಆಮೇಲೆ ಆತನ ಕೊಠಡಿಗೆ ಹೋಗಿ, ತಪ್ಪಿದ್ದರೆ ಏಕಾಂತದಲ್ಲಿ ಹೇಳಬೇಕೆಂದೂ, ಎಲ್ಲರ ಮುಂದೆ ಬೈದರೆ ತಾನು ತಂಡವನ್ನು ನಡೆಸಲಾರೆನೆಂದೂ ವಿನಯದಿಂದ ತಿಳಿಸಿದನು. ಲೊಂಬಾರ್ಡಿ ಒಪ್ಪಿದನು; ಆ ಮೇಲೆ ಸ್ಟಾರನನ್ನು ಹಾಗೆ ಗದರಲಿಲ್ಲ. ತರಬೇತುದಾರನು ತಂಡವನ್ನು ರೂಪಿಸುವಂತೆ ತಂಡವೂ ತರಬೇತುದಾರನನ್ನು ರೂಪಿಸುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೋಪವೇ ಗೆಲುವಿನ ಕಾರಣವೆ? ಅದೃಷ್ಟವಶಾತ್ ಇದಕ್ಕೆ ಹೋಲಿಕೆಯ ಪ್ರಯೋಗವೊಂದು ದೊರೆಯುತ್ತದೆ. ೧೯೫೪ರಿಂದ ೧೯೫೮ರವರೆಗೆ ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಲೊಂಬಾರ್ಡಿ ಆಕ್ರಮಣದ ವ್ಯೂಹಗಳನ್ನು ಕಲಿಸುತ್ತಿದ್ದರೆ, ರಕ್ಷಣೆಯ ವ್ಯೂಹಗಳನ್ನು ನೋಡಿಕೊಳ್ಳುತ್ತಿದ್ದವನು ಟಾಮ್ ಲ್ಯಾಂಡ್ರಿ. ಎಂಜಿನಿಯರಿಂಗ್ ಓದಿದ ಲ್ಯಾಂಡ್ರಿ ಗೆದ್ದರೂ ಸೋತರೂ ಮುಖದ ಗೆರೆ ಕದಲಿಸದ ಮೌನಿ. ೧೯೬೦ರಲ್ಲಿ ಆತ ಹೊಸದಾಗಿ ಹುಟ್ಟಿದ ಡಲ್ಲಾಸ್ ತಂಡದ ಮುಖ್ಯ ತರಬೇತುದಾರನಾದನು. ಮೊದಲ ವರ್ಷ ಒಂದು ಗೆಲುವೂ ಇಲ್ಲ. ಹನ್ನೊಂದು ಸೋಲು, ಒಂದು ಸಮ. ಸೋಲಿಗಿಂತ ಗೆಲುವು ಹೆಚ್ಚಾದ ವರ್ಷವನ್ನು ಕಾಣಲು ೧೯೬೬ರವರೆಗೆ ಕಾಯಬೇಕಾಯಿತು. ಆದರೆ ತಂಡದ ಒಡೆಯನಿಗೆ ಸಹನೆಯಿತ್ತು. ೧೯೬೪ರಲ್ಲಿ, ಸೋಲುತ್ತಿದ್ದಾಗಲೇ, ಮತ್ತೆ ಹತ್ತು ವರ್ಷದ ಕರಾರನ್ನು ಬರೆದುಕೊಟ್ಟನು. ೧೯೬೬ರಿಂದ ೧೯೮೫ರವರೆಗೆ ಬಿಡದೆ ಇಪ್ಪತ್ತು ವರ್ಷ ಆ ತಂಡಕ್ಕೆ ಸೋಲಿಗಿಂತ ಗೆಲುವೇ ಹೆಚ್ಚು. ಗುಡುಗಿದವನೂ ಗೆದ್ದನು, ಮೌನವಾಗಿದ್ದವನೂ ಗೆದ್ದನು. ಹೀಗಿರಲು ಗುಡುಗು ಕಾರಣವಾಗಲಾರದು. ಇಬ್ಬರಲ್ಲೂ ಸಮಾನವಾಗಿದ್ದ ಸೂಕ್ಷ್ಮದೃಷ್ಟಿ, ದಣಿಯದ ಅಭ್ಯಾಸ, ನುಡಿದಂತೆ ನಡೆಯುವ ಸ್ಥಿರತೆಗಳಲ್ಲಿ ಕಾರಣವನ್ನು ಹುಡುಕಬೇಕು.

ಇಷ್ಟು ಖಚಿತವಾಗಿ ಹೇಳುವುದಕ್ಕೆ ನಮ್ಮದೇ ಒಂದು ತಪ್ಪು ಕಾರಣ. ನಾವು ಅಧ್ಯಾಪಕರಾದ ಮೊದಲ ವರ್ಷ, ಒಂದು ತರಗತಿಯವರು ಕಿರುಪರೀಕ್ಷೆಯಲ್ಲಿ ತೀರ ಕಡಮೆ ಅಂಕ ತೆಗೆದರು. ಒಂದು ಗಂಟೆ ಚೆನ್ನಾಗಿ ಬೈದೆವು. ಮುಂದಿನ ಪರೀಕ್ಷೆಯಲ್ಲಿ ಅಂಕಗಳು ಏರಿದವು. ಇನ್ನೊಂದು ತರಗತಿಯವರು ಚೆನ್ನಾಗಿ ಬರೆದಿದ್ದರು, ಹೊಗಳಿದೆವು, ಅವರ ಅಂಕಗಳು ಇಳಿದವು. ಬೈಗುಳ ಔಷಧ, ಹೊಗಳಿಕೆ ವಿಷವೆಂದು ನಿರ್ಧರಿಸಿ ಮೂರು ವರ್ಷ ಹಾಗೆಯೇ ನಡೆದುಕೊಂಡೆವು. ಒಂದು ರಜೆಯಲ್ಲಿ ಹಳೆಯ ಅಂಕಪಟ್ಟಿಗಳನ್ನು ಹರಡಿಕೊಂಡು ಕುಳಿತಾಗ ನಿಜಸ್ಥಿತಿ ತಿಳಿಯಿತು: ಬೈಯದೆ ಬಿಟ್ಟ ತರಗತಿಗಳಲ್ಲಿಯೂ ಕೆಳಗಿದ್ದವರು ಸರಾಸರಿಯಲ್ಲಿ ಏರಿದ್ದರು, ಮೇಲಿದ್ದವರು ಇಳಿದಿದ್ದರು. ಒಬ್ಬನ ಅಂಕವೆಂದರೆ ಅವನ ಯೋಗ್ಯತೆ ಮತ್ತು ಆ ದಿನದ ಅದೃಷ್ಟ ಎರಡೂ ಕೂಡಿದ ಮೊತ್ತ. ಯೋಗ್ಯತೆ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರವಾಗುವುದಿಲ್ಲವೆಂದು ಫ್ರಾನ್ಸಿಸ್ ಗಾಲ್ಟನ್ ೧೮೮೬ರಲ್ಲಿ ಪ್ರಕಟಿಸಿದ, ಸರಾಸರಿಯ ಕಡೆಗೆ ಹಿಂದಿರುಗುವ ತತ್ತ್ವವೇ ಇದು. ತರಗತಿಯಲ್ಲಿ ಪಾಠ ಹೇಳಬಲ್ಲ ನಾವು ಅದನ್ನು ನಮಗೇ ಅನ್ವಯಿಸಿಕೊಂಡಿರಲಿಲ್ಲ. ಆ ಮೂರು ವರ್ಷಗಳಲ್ಲಿ ನಮ್ಮ ಬೈಗುಳಕ್ಕೆ ಹೆದರಿ ಪ್ರಶ್ನೆ ಕೇಳುವುದನ್ನೇ ಬಿಟ್ಟವರು ಎಷ್ಟು ಮಂದಿಯೋ! ಅವರ ಲೆಕ್ಕ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಲೊಂಬಾರ್ಡಿಯನ್ನು ಅನುಕರಿಸಬೇಕೆನ್ನುವವರು ಆತನ ಕೂಗನ್ನು ಬಿಟ್ಟು ಇನ್ನೊಂದನ್ನು ಅನುಕರಿಸಲಿ. ೧೯೬೭ರ ಬಳಿಕ ಗ್ರೀನ್ ಬೇಯಲ್ಲಿ ತರಬೇತಿಯನ್ನು ಬಿಟ್ಟ ಆತ ೧೯೬೯ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದನು. ಅಲ್ಲಿ ಲ್ಯಾರಿ ಬ್ರೌನ್ ಎಂಬ ಹೊಸ ಹುಡುಗನಿದ್ದನು. ಚೆನ್ನಾಗಿ ಓಡುತ್ತಿದ್ದನು, ಆದರೆ ವ್ಯೂಹ ಆರಂಭವಾಗುವಾಗ ಪ್ರತಿಸಲವೂ ಎಳ್ಳಷ್ಟು ತಡ. ಬರಿಯ ಕೋಪಿಷ್ಠನಾಗಿದ್ದರೆ ‘ಸೋಮಾರಿ’ ಎಂದು ಗದರಿ ಕಳುಹಿಸುತ್ತಿದ್ದನು. ಲೊಂಬಾರ್ಡಿ ಆ ಅರೆಗಳಿಗೆಯ ತಡಕ್ಕೆ ಕಾರಣವನ್ನು ಹುಡುಕಿದನು. ಪರೀಕ್ಷೆ ಮಾಡಿಸಿದಾಗ ಹುಡುಗನ ಒಂದು ಕಿವಿ ಕೇಳಿಸದೆಂದು ಗೊತ್ತಾಯಿತು. ಲೀಗಿನ ಅಧ್ಯಕ್ಷನ ಅನುಮತಿಯನ್ನು ಪಡೆದು ಅವನ ಶಿರಸ್ತ್ರಾಣದಲ್ಲಿ ಶ್ರವಣಯಂತ್ರವನ್ನು ಅಳವಡಿಸಿದರು. ೧೯೭೨ರಲ್ಲಿ ಆ ಬ್ರೌನನೇ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡನು. ಅದನ್ನು ನೋಡಲು ಲೊಂಬಾರ್ಡಿ ಇರಲಿಲ್ಲ. ೧೯೭೦ರ ಸೆಪ್ಟೆಂಬರಿನಲ್ಲಿಯೇ ಕ್ಯಾನ್ಸರಿನಿಂದ ತೀರಿಕೊಂಡಿದ್ದನು. ಆತನಿದ್ದ ಆ ಒಂದೇ ವರ್ಷದಲ್ಲಿ ವಾಷಿಂಗ್ಟನ್ ತಂಡವು ಏಳು ಗೆದ್ದು, ಐದು ಸೋತು, ಎರಡನ್ನು ಸಮಮಾಡಿಕೊಂಡಿತು. ೧೯೫೫ರ ಅನಂತರ ಅದಕ್ಕೆ ಸೋಲಿಗಿಂತ ಗೆಲುವು ಹೆಚ್ಚಾದುದು ಅದೇ ಮೊದಲು.

ಆತ ಬಿಟ್ಟುಹೋದ ಗ್ರೀನ್ ಬೇ ಏನಾಯಿತು? ೧೯೬೮ರಲ್ಲಿಯೇ ಗೆಲುವು ಆರು, ಸೋಲು ಏಳು. ಆಟಗಾರರಿಗೆ ವಯಸ್ಸಾಗಿತ್ತೆಂಬುದು ನಿಜ. ಆದರೆ ಬಹುಕಾಲ ಆತನ ಕೈಕೆಳಗೆ ಪಳಗಿದ ಸ್ಟಾರ್ ತಾನೇ ೧೯೭೫ರಿಂದ ಒಂಬತ್ತು ವರ್ಷ ಅಲ್ಲಿ ತರಬೇತುದಾರನಾಗಿದ್ದಾಗಲೂ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಮೆತುಕಬ್ಬಿಣವು ಅಯಸ್ಕಾಂತ ದೂರವಾದೊಡನೆ ಕಾಂತತ್ವವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ, ಉಕ್ಕು ಉಳಿಸಿಕೊಳ್ಳುತ್ತದೆ. ತಂಡಗಳು ಸಾಮಾನ್ಯವಾಗಿ ಮೆತುಕಬ್ಬಿಣದ ಜಾತಿಗೆ ಸೇರಿದವು. ಮನುಷ್ಯನಾದರೋ ಉಕ್ಕಾಗಬಲ್ಲನು.

ವಿದ್ಯಾರ್ಥಿಗಳೆ, ನಾಳೆ ನೀವೂ ತಂಡಕ್ಕೋ, ತರಗತಿಗೋ, ಕಾರ್ಖಾನೆಗೋ ಹೊಸ ಮುಖ್ಯಸ್ಥರಾಗಿ ಹೋಗುವಿರಿ. ಬಂದ ವಾರವೇ ಫಲ ಕಂಡರೆ ಹಿಗ್ಗಬೇಡಿರಿ, ಕಾಣದಿದ್ದರೆ ಕುಗ್ಗಬೇಡಿರಿ. ತಡಮಾಡುವವನನ್ನು ಕಂಡಾಗ ದನಿಯೆತ್ತುವುದಕ್ಕೆ ಮೊದಲು ಅವನ ಕಿವಿಯನ್ನು ಪರೀಕ್ಷಿಸಿರಿ.